ಗಾಳಿ ಸೊನ್ನೆ, ಸಮಯ 10.49

1988ರ ಜುಲೈ 16. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸೋಲ್ ಒಲಿಂಪಿಕ್ಸ್‌ಗೆ ತಂಡ ಆರಿಸುವ ಕೂಟ. ಮೈದಾನದಲ್ಲಿ ಎರಡು ಗಾಳಿಮಾಪಕಗಳಿದ್ದವು. ಒಂದು ಟ್ರಿಪಲ್ ಜಂಪ್ ಅಂಕಣದ ಪಕ್ಕ, ಇನ್ನೊಂದು ನೂರು ಮೀಟರ್ ಓಟದ ನೇರ ಹಾದಿಯ ಪಕ್ಕ. ಗಾಳಿ ಸೆಕೆಂಡಿಗೆ 4.3 ಮೀಟರ್ ವೇಗದಲ್ಲಿ ಬೀಸುತ್ತಿದೆ ಎಂದಿತು ಮೊದಲನೆಯದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎರಡನೆಯದು ತೋರಿಸಿದ್ದು 0.0. ಒಂದೇ ಮೈದಾನ, ಒಂದೇ ಆಕಾಶ. ಅಲ್ಲಿ ಬಾವುಟ ಪಟಪಟಿಸುವ ಗಾಳಿ, ಇಲ್ಲಿ ಎಲೆಯೂ ಅಲುಗದ ನಿಶ್ಚಲತೆ.

ಆ ಸೊನ್ನೆಯ ಎದುರು ಮಹಿಳೆಯರ ಕ್ವಾರ್ಟರ್‌ಫೈನಲ್ ಓಟ ನಡೆಯಿತು. ಗೆದ್ದ ಫ್ಲೋರೆನ್ಸ್ ಗ್ರಿಫಿತ್ ಜಾಯ್ನರ್ ಅವರ ಸಮಯ 10.49 ಸೆಕೆಂಡ್. ಹಿಂದಿನ ವಿಶ್ವದಾಖಲೆ 10.76. ಅದಕ್ಕೂ ಮೊದಲಿನ ಏಳು ವರ್ಷಗಳಲ್ಲಿ, ಜಗತ್ತಿನ ಅತಿ ವೇಗದ ಹೆಂಗಸರು ಪೈಪೋಟಿಗೆ ಬಿದ್ದು ದಾಖಲೆಯಿಂದ ಕಳೆದದ್ದು 0.12 ಸೆಕೆಂಡ್. ಇಲ್ಲಿ ಒಂದೇ ಓಟಕ್ಕೆ 0.27 ಕಳೆದುಹೋಯಿತು. ದಾಖಲೆ ಇಂದಿಗೂ ಹಾಗೇ ಇದೆ. ಯಾರೂ ಅದನ್ನು ಮುಟ್ಟಿಲ್ಲ.

ನೂರು ಮೀಟರಿನ ದಾಖಲೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಹೆಂಗಸರು ಎಷ್ಟು ಬೇಗ ಓಡಿದರು ಎಂಬುದು ತಿಳಿಯುತ್ತದೆ. ಅದೇ ಪಟ್ಟಿಯನ್ನು ಯಾರು ಅಳೆದರು, ಯಾವುದರಿಂದ ಅಳೆದರು, ಅಳೆಯುವ ಮೊದಲು ಏನು ಕೇಳಿದರು ಎಂದು ವಿಚಾರಿಸುತ್ತ ಓದಿದರೆ ಬೇರೆಯದೇ ಕಥೆ ಸಿಗುತ್ತದೆ. ಓಟಗಾರ್ತಿಯರಷ್ಟೇ ಮುಖ್ಯ ಪಾತ್ರಗಳು ಅದರಲ್ಲಿ ಗಡಿಯಾರ, ಗಾಳಿ, ಪ್ರಯೋಗಾಲಯ.

ಮೊದಲು ಓಡಲು ಬಿಡಿ

ಮಹಿಳೆಯರ ಓಟವನ್ನು ಅಳೆದು ಬರೆದಿಡಬೇಕೆಂದು ಯಾರಿಗೂ ಅನ್ನಿಸದ ಕಾಲವೊಂದಿತ್ತು. ಆಧುನಿಕ ಒಲಿಂಪಿಕ್ಸ್‌ನ ಜನಕ ಪಿಯರ್ ದ ಕೂಬರ್ತಾಂ ಅವರಿಗೆ ಹೆಂಗಸರು ಕಣಕ್ಕಿಳಿಯುವುದೇ ಇಷ್ಟವಿರಲಿಲ್ಲ. ಅವರ ದೇಶದವರೇ ಆದ, ದೋಣಿ ಹುಟ್ಟು ಹಾಕುವ ಸ್ಪರ್ಧೆಗಳಲ್ಲಿ ಪಳಗಿದ್ದ ಆಲಿಸ್ ಮಿಲಿಯಾ ಸುಮ್ಮನೆ ಕೂರಲಿಲ್ಲ. 1921ರಲ್ಲಿ ಮಹಿಳಾ ಕ್ರೀಡೆಗೆಂದೇ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಮರುವರ್ಷ ಪ್ಯಾರಿಸ್‌ನಲ್ಲಿ ಮಹಿಳೆಯರದೇ ಒಲಿಂಪಿಕ್ ಕೂಟ ನಡೆಸಿದರು. ದಾಖಲೆಯ ಮೊದಲ ಪುಸ್ತಕ ತೆರೆದದ್ದೂ ಈ ಒಕ್ಕೂಟವೇ. ನೂರು ಮೀಟರಿನ ಮೊದಲ ಸಾಲಿನಲ್ಲಿರುವ ಹೆಸರು ಚೆಕೊಸ್ಲೊವಾಕಿಯಾದ ಮರೀ ಮೆಯ್ಜ್ಲಿಕೋವಾ. 1922ರ ಆಗಸ್ಟ್ 5, ಪ್ರಾಗ್, 13.6 ಸೆಕೆಂಡ್.

ಈ ಒತ್ತಡಕ್ಕೆ ಮಣಿದೇ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಅಥ್ಲೆಟಿಕ್ಸ್‌ನ ಬಾಗಿಲು ತೆರೆಯಿತು. ನೂರು ಮೀಟರ್ ಗೆದ್ದವಳು ಅಮೆರಿಕದ ಹದಿನಾರರ ಹುಡುಗಿ ಬೆಟ್ಟಿ ರಾಬಿನ್ಸನ್. ರೈಲು ಹಿಡಿಯಲು ಓಡುತ್ತಿದ್ದವಳನ್ನು ಶಾಲೆಯ ಮೇಷ್ಟ್ರೊಬ್ಬರು ಕಂಡು ಬೆರಗಾಗಿ ಮೈದಾನಕ್ಕೆ ಎಳೆತಂದಿದ್ದರು. ಆಮ್‌ಸ್ಟರ್‌ಡ್ಯಾಮ್ ಅವಳ ನಾಲ್ಕನೆಯ ಸ್ಪರ್ಧೆ ಮಾತ್ರ, ಸಮಯ 12.2. ಮೂರು ವರ್ಷದ ನಂತರ ಅವಳಿದ್ದ ಪುಟ್ಟ ವಿಮಾನ ನೆಲಕ್ಕಪ್ಪಳಿಸಿತು. ಬದುಕಿದಳು, ಆದರೆ ಮಂಡಿ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಕುಕ್ಕರಿಸಿ ಹೊರಡುವ ನೂರು ಮೀಟರ್ ಓಟ ಅವಳ ಪಾಲಿಗೆ ಮುಗಿದುಹೋಯಿತು. ರಿಲೇಯಲ್ಲಿ ನಿಂತುಕೊಂಡೇ ಹೊರಡಬಹುದಲ್ಲ? 1936ರ ಬರ್ಲಿನ್‌ನಲ್ಲಿ ರಿಲೇ ಓಡಿ ಮತ್ತೊಂದು ಚಿನ್ನ ಗೆದ್ದಳು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೆಂಗಸರು 800 ಮೀಟರನ್ನೂ ಓಡಿದರು. ಓಟ ಮುಗಿಸಿದವರು ದಣಿದು ಕುಸಿದರೆಂದು ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದವು. ಆ ನೆಪದಲ್ಲಿ ಒಲಿಂಪಿಕ್ಸ್‌ನಿಂದ ಆಚೆ ಹಾಕಿದ 800 ಮೀಟರ್ ಮರಳಿದ್ದು 1960ರಲ್ಲಿ. ಗಂಡಸರು ಕುಸಿದರೆ ಅದು ಹೋರಾಟ, ಹೆಂಗಸರು ಕುಸಿದರೆ ಅದು ದೌರ್ಬಲ್ಯ. ಈ ಲೆಕ್ಕದಲ್ಲಿ ನೂರು ಮೀಟರ್ ಉಳಿದುಕೊಂಡದ್ದಕ್ಕೆ ಒಂದೇ ಕಾರಣ: ಅದು ದಣಿವು ಕಾಣಿಸುವ ಮೊದಲೇ ಮುಗಿದುಹೋಗುತ್ತದೆ.

ಹೊಗೆ ನೋಡಿ ಗುಂಡಿ ಒತ್ತಿದವರು

ನಮ್ಮ ಶಾಲಾ ಕ್ರೀಡಾಕೂಟಗಳನ್ನು ನೆನಪಿಸಿಕೊಳ್ಳಿ. ಮಣ್ಣಿನ ಮೇಲೆ ಸುಣ್ಣದ ಗೆರೆ, ಅತ್ತ ತುದಿಯಲ್ಲಿ ಸೀಟಿ ಊದುವವರು, ಇತ್ತ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದ ಪಿ.ಟಿ. ಮೇಷ್ಟ್ರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿಶ್ವದಾಖಲೆಗಳೂ ಬಹುಮಟ್ಟಿಗೆ ಹೀಗೆಯೇ ಹುಟ್ಟಿದವು. ಗುಂಡಿನ ಸದ್ದು ನೂರು ಮೀಟರ್ ದಾಟಿ ಬರಲು ಹತ್ತಿರಹತ್ತಿರ 0.3 ಸೆಕೆಂಡ್ ಬೇಕು. ಹಾಗಾಗಿ ಸಮಯಪಾಲಕರು ಸದ್ದಿಗೆ ಕಾಯದೆ ಪಿಸ್ತೂಲಿನ ಹೊಗೆ ಕಂಡೊಡನೆ ಗುಂಡಿ ಒತ್ತಬೇಕಿತ್ತು. ಮೂವರು ಮೂರು ವಾಚು ಹಿಡಿಯುತ್ತಿದ್ದರು. ಮೂರೂ ಬೇರೆಬೇರೆ ತೋರಿಸಿದರೆ ನಡುವಿನದ್ದೇ ಪ್ರಮಾಣ.

ಮೊದಮೊದಲು ಓಡುದಾರಿ ಸುಟ್ಟ ಕಲ್ಲಿದ್ದಲ ಬೂದಿಪುಡಿಯದು. ಕಾಲೂರಲು ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಓಟಗಾರ್ತಿಯೇ ಪುಟ್ಟ ಕರಣೆಯಿಂದ ಎರಡು ಗುಳಿ ತೋಡಿಕೊಂಡು ಅವುಗಳೊಳಗೆ ಕಾಲ್ಬೆರಳಿಟ್ಟು ಹೊರಡಬೇಕು. ಅಂಥ ನೆಲದ ಮೇಲೆ 1932ರಲ್ಲಿ ನೆದರ್ಲೆಂಡ್ಸ್‌ನ ಟೋಲಿನ್ ಸ್ಖೂರ್ಮನ್ 11.9ರಲ್ಲಿ ಓಡಿ 12 ಸೆಕೆಂಡಿನ ಗೋಡೆ ಒಡೆದರು.

ಅದೇ ದೇಶದ ಫ್ಯಾನಿ ಬ್ಲಾಂಕರ್ಸ್ ಕೂನ್ 1936ರ ಬರ್ಲಿನ್‌ನಲ್ಲಿ ಹದಿನೆಂಟರ ಹುಡುಗಿ. ಮುಂದಿನ ಎರಡು ಒಲಿಂಪಿಕ್ಸ್‌ಗಳನ್ನು ಯುದ್ಧ ನುಂಗಿತು. 1948ರ ಲಂಡನ್ ಬರುವ ಹೊತ್ತಿಗೆ ಆಕೆಗೆ ಮೂವತ್ತು, ಇಬ್ಬರು ಮಕ್ಕಳು. ವಯಸ್ಸಾಯಿತು ಎಂದು ಬರೆದವರಿದ್ದರು. ಮಕ್ಕಳನ್ನು ಬಿಟ್ಟು ಚಡ್ಡಿ ಹಾಕಿಕೊಂಡು ಓಡುತ್ತಾಳಲ್ಲ ಎಂದು ಪತ್ರ ಬರೆದು ಬೈದವರೂ ಇದ್ದರು. ಆಕೆ ಒಲಿಂಪಿಕ್ಸ್‌ಗೆ ಮೊದಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 11.5 ಓಡಿ, ಲಂಡನ್‌ನಲ್ಲಿ ನಾಲ್ಕು ಚಿನ್ನ ಗೆದ್ದು ಮನೆಗೆ ಮರಳಿದರು. ಇನ್ನಾದರೂ ಅಷ್ಟು ಓಡಬೇಡಮ್ಮಾ ಎಂದು ನೆರೆಹೊರೆಯವರು ಒಂದು ಸೈಕಲ್ ಉಡುಗೊರೆ ಕೊಟ್ಟರು.

ಆ ಫ್ಯಾನಿಯನ್ನು ಮರುವರ್ಷ ಸಿಡ್ನಿಯಲ್ಲಿ ಸೋಲಿಸಿದವರು ಮಾರ್ಜೊರಿ ಜಾಕ್ಸನ್, ಆಸ್ಟ್ರೇಲಿಯಾದ ಕಲ್ಲಿದ್ದಲ ಊರು ಲಿತ್‌ಗೋದ ಹುಡುಗಿ. ಕೆಲಸ ಮುಗಿಸಿ ಬಂದು, ಕತ್ತಲಲ್ಲಿ ಕಾರಿನ ದೀಪ ಹಾಯಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಗೆದ್ದು, ಅದೇ ವರ್ಷ ಜಪಾನಿನ ಗಿಫುವಿನಲ್ಲಿ ದಾಖಲೆಯನ್ನು 11.4ಕ್ಕೆ ಇಳಿಸಿದರು. ಅದೇ ಹೆಲ್ಸಿಂಕಿಯಲ್ಲಿ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ನೂರು ಮೀಟರ್ ಓಡಿದರು. ಒಲಿಂಪಿಕ್ಸ್ ಓಟದ ಕಣಕ್ಕಿಳಿದ ಮೊದಲ ಭಾರತೀಯ ಮಹಿಳೆಯರು ಅವರು.

ಇನ್ನು ವಿಲ್ಮಾ ರುಡಾಲ್ಫ್. ಟೆನೆಸಿಯ ಬಡ ಕಪ್ಪು ಕುಟುಂಬದ ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತನೆಯವಳು. ಪೋಲಿಯೊದಿಂದ ಎಡಗಾಲು ಸೋತು ಬಾಲ್ಯವೆಲ್ಲ ಲೋಹದ ಪಟ್ಟಿ ಕಟ್ಟಿಕೊಂಡೇ ಕಳೆಯಿತು. ತಾಯಿ ವಾರವಾರವೂ ಬಸ್ಸಿನಲ್ಲಿ ಎಂಬತ್ತು ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ಗೆ ಚಿಕಿತ್ಸೆಗೆ ಕರೆದೊಯ್ಯುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಈ ಹುಡುಗಿ ಮೂರು ಚಿನ್ನ ಗೆದ್ದಳು. ನೂರು ಮೀಟರ್ ಫೈನಲ್‌ನ ಸಮಯ 11.0, ಅಂದಿನ ದಾಖಲೆಗಿಂತ 0.3 ಕಡಿಮೆ. ಆದರೂ ಅದು ದಾಖಲೆ ಆಗಲಿಲ್ಲ. ಬೆನ್ನ ಹಿಂದಿನ ಗಾಳಿ ಮಿತಿ ಮೀರಿತ್ತು.

ಮಿತಿ ಎಂದರೆ ಸೆಕೆಂಡಿಗೆ 2 ಮೀಟರ್. ಅದಕ್ಕಿಂತ ಜೋರಾಗಿ ಗಾಳಿ ಬೆನ್ನು ತಳ್ಳಿದರೆ ಪದಕ ಸಿಗುತ್ತದೆ, ದಾಖಲೆ ಸಿಗುವುದಿಲ್ಲ. ಮಿತಿಯಷ್ಟೇ ಗಾಳಿ ಇದ್ದರೂ ಓಟಗಾರ್ತಿಗೆ 0.1 ಸೆಕೆಂಡಿನ ಆಸುಪಾಸಿನ ಲಾಭ. ರೋಮ್‌ನಲ್ಲಿ ಅಳತೆಗಾರ ಪ್ರಾಮಾಣಿಕನಾಗಿದ್ದ. ವಿಲ್ಮಾ ತಕರಾರು ಮಾಡಲಿಲ್ಲ. ಮರುವರ್ಷ ಸ್ಟುಟ್‌ಗಾರ್ಟ್‌ನಲ್ಲಿ 11.2 ಓಡಿ, ಯಾರೂ ಪ್ರಶ್ನಿಸಲಾಗದಂತೆ ದಾಖಲೆ ಪಡೆದಳು.

ನೀನು ಹೆಣ್ಣೇ?

ಪುರುಷರ ದಾಖಲೆ ಪಟ್ಟಿಯಲ್ಲಿ ಎಂದೂ ಕೇಳದ ಒಂದು ಪ್ರಶ್ನೆ ಮಹಿಳೆಯರ ಪಟ್ಟಿಯ ಉದ್ದಕ್ಕೂ ನೆರಳಿನಂತೆ ಹಿಂಬಾಲಿಸಿದೆ.

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸ್ಟೆಲ್ಲಾ ವಾಲ್ಶ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪೋಲೆಂಡಿಗಾಗಿ ಓಡಿ ಚಿನ್ನ ಗೆದ್ದರು. 1937ರಲ್ಲಿ ದಾಖಲೆಯನ್ನು 11.6ಕ್ಕೆ ತಂದರು. ನಡುವೆ ಬರ್ಲಿನ್‌ನಲ್ಲಿ ಅವರನ್ನು ಸೋಲಿಸಿದ ಅಮೆರಿಕದ ಹೆಲೆನ್ ಸ್ಟೀಫನ್ಸ್ ಮೇಲೆ ‘ಇವಳು ಗಂಡಸು’ ಎಂಬ ಆರೋಪ ಬಂತು. ಪರೀಕ್ಷಿಸಿದ ಅಧಿಕಾರಿಗಳು ಹೆಣ್ಣೆಂದೇ ಹೇಳಿದರು. ನಲವತ್ತನಾಲ್ಕು ವರ್ಷ ಕಳೆದು, 1980ರ ಡಿಸೆಂಬರಿನಲ್ಲಿ, ಕ್ಲೀವ್‌ಲ್ಯಾಂಡ್‌ನ ವಾಹನ ನಿಲ್ದಾಣವೊಂದರಲ್ಲಿ ದರೋಡೆಕೋರರ ಗುಂಡಿಗೆ ಸ್ಟೆಲ್ಲಾ ಬಲಿಯಾದರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ದೇಹದಲ್ಲಿ ಹೆಣ್ಣು ಗಂಡಿನ ಲಕ್ಷಣಗಳೆರಡೂ ಬೆರೆತಿದ್ದವೆಂದು ತಿಳಿಯಿತು. ಬದುಕಿಡೀ ಹೆಣ್ಣಾಗಿ ಬಾಳಿದವರ ಅತ್ಯಂತ ಖಾಸಗಿ ಸಂಗತಿ ಸತ್ತ ಮೇಲೆ ಪತ್ರಿಕೆಗಳ ತಲೆಬರಹವಾಯಿತು.

ಇನ್ನೊಂದು ಪ್ರಕರಣ ಇದಕ್ಕಿಂತ ಕ್ರೂರ. 1965ರ ಜುಲೈ 9ರಂದು ಪ್ರಾಗ್‌ನಲ್ಲಿ ಪೋಲೆಂಡಿನ ಇಬ್ಬರು ಗೆಳತಿಯರು, ಇರೇನಾ ಕಿರ್ಷೆನ್‌ಸ್ಟೈನ್ ಮತ್ತು ಏವಾ ಕ್ವೊಬುಕೋವ್‌ಸ್ಕಾ, 11.1ರ ದಾಖಲೆ ಬರೆದರು. ಎರಡು ವರ್ಷದ ನಂತರ ಕೀವ್‌ನಲ್ಲಿ ಏವಾ ಅವರ ವರ್ಣತಂತು ಪರೀಕ್ಷೆ ನಡೆಯಿತು. ಅದರ ಹಿಂದಿನ ವರ್ಷ ಬರಿಗಣ್ಣಿನ ಪರೀಕ್ಷೆಯಲ್ಲಿ ಹೆಣ್ಣೆಂದು ಒಪ್ಪಿದ್ದವರೇ ಈಗ ಸೂಕ್ಷ್ಮದರ್ಶಕದಲ್ಲಿ ನೋಡಿ ಅಲ್ಲವೆಂದರು. ಏವಾ ಅವರನ್ನು ನಿಷೇಧಿಸಿದರು, ದಾಖಲೆಯನ್ನೂ ಅಳಿಸಿದರು. ಇಂದಿನ ಪಟ್ಟಿಯಲ್ಲಿ ಆ ದಿನದ ಒಬ್ಬಳೇ ಇದ್ದಾಳೆ. ಅವಳ ಜೊತೆ ಓಡಿದವಳು ಕಾಗದದ ಮೇಲೆ ಓಡಲೇ ಇಲ್ಲ.

ಎಲ್ಲರನ್ನೂ ಪರೀಕ್ಷಿಸುವ ಆ ಪದ್ಧತಿ ಅವೈಜ್ಞಾನಿಕವೆಂದು 1990ರ ದಶಕದಲ್ಲಿ ಕೈಬಿಟ್ಟರು. ಪ್ರಶ್ನೆ ಮಾತ್ರ ಬಿಡಲಿಲ್ಲ. 2014ರಲ್ಲಿ ಅದು ಬಂದು ನಿಂತದ್ದು ಒಡಿಶಾದ ದ್ಯುತಿ ಚಾಂದ್ ಎದುರು. ದೇಹದಲ್ಲಿ ಸಹಜವಾಗಿಯೇ ಟೆಸ್ಟೊಸ್ಟೆರಾನ್ ಹೆಚ್ಚಿದೆ ಎಂದು ಅವರನ್ನು ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಕೈಬಿಟ್ಟರು. ನೇಕಾರರ ಮನೆಯ ಮಗಳು ಹೆದರಲಿಲ್ಲ. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರ ಜುಲೈನಲ್ಲಿ ಮಂಡಳಿ ಆ ನಿಯಮವನ್ನೇ ತಡೆಹಿಡಿಯಿತು. ಮರುವರ್ಷ ದ್ಯುತಿ ರಿಯೊದಲ್ಲಿ ನೂರು ಮೀಟರ್ ಓಡಿದರು. 2025ರ ಸೆಪ್ಟೆಂಬರಿನಿಂದ ನಿಯಮ ಮತ್ತೆ ಬದಲಾಗಿದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಪ್ರಕಾರ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುವವರು ಜೀವನದಲ್ಲಿ ಒಮ್ಮೆ ಜೀನ್ ಪರೀಕ್ಷೆಗೆ ಒಳಗಾಗಬೇಕು.

ಹಿಂದಕ್ಕೆ ನಡೆದ ಗಡಿಯಾರ

1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂತು. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಊರು. ಗಾಳಿ ತೆಳು, ಎದೆಗೆ ಅಡ್ಡಿ ಕಡಿಮೆ. ಅಮೆರಿಕದ ವಯೋಮಿಯಾ ಟಾಯಸ್ ಅಲ್ಲಿ ಗೆದ್ದ ಸಮಯವನ್ನು ದಾಖಲೆ ಪುಸ್ತಕ 11.0 ಎಂದು ಬರೆದುಕೊಂಡಿತು. ಅದೇ ಓಟವನ್ನು ನೋಡಿದ ವಿದ್ಯುನ್ಮಾನ ಗಡಿಯಾರ ಹೇಳಿದ್ದು 11.08. ಎರಡರಲ್ಲಿ ಯಾವುದು ನಿಜ?

ಸ್ಟಾಪ್‌ವಾಚ್ ಹಿಡಿದವನು ಹೊಗೆ ಕಂಡು ಗುಂಡಿ ಒತ್ತುವುದರೊಳಗೆ ಒಂದಿಷ್ಟು ಸಮಯ ಸೋರಿಹೋಗುತ್ತದೆ. ಕೊನೆಯಲ್ಲಿ ಹಾಗಾಗದು, ಓಟಗಾರ್ತಿ ಹತ್ತಿರ ಬರುವುದು ಕಾಣುತ್ತಿರುವುದರಿಂದ ಬೆರಳು ಸಿದ್ಧವಾಗಿರುತ್ತದೆ. ಹೀಗಾಗಿ ಕೈಯಲ್ಲಿ ಅಳೆದದ್ದು ಯಾವಾಗಲೂ ಓಟಗಾರ್ತಿಯ ಪರ. ನೂರು ಮೀಟರಿಗೆ ಈ ಉಪಕಾರ 0.24 ಸೆಕೆಂಡ್ ಎಂದು ಅಥ್ಲೆಟಿಕ್ಸ್ ಲೋಕ ಲೆಕ್ಕ ಹಾಕಿಕೊಂಡಿದೆ.

1973ರಲ್ಲಿ ಪೂರ್ವ ಜರ್ಮನಿಯ ರೆನಾಟೆ ಸ್ಟೆಷರ್ ಸ್ಟಾಪ್‌ವಾಚಿನ ಲೆಕ್ಕದಲ್ಲಿ ಮೊದಲು 10.9, ಆಮೇಲೆ 10.8 ಓಡಿದರು. 1977ರಿಂದ ವಿದ್ಯುನ್ಮಾನ ಸಮಯ ಮಾತ್ರ ದಾಖಲೆ ಎಂಬ ನಿಯಮ ಬಂತು. ಆಗ ಪುಸ್ತಕದಲ್ಲಿ ಉಳಿದ ಅತ್ಯುತ್ತಮ ಸಮಯ ಪಶ್ಚಿಮ ಜರ್ಮನಿಯ ಆನೆಗ್ರೆಟ್ ರಿಕ್ಟರ್ 1976ರ ಮಾಂಟ್ರಿಯಲ್ ಸೆಮಿಫೈನಲ್‌ನಲ್ಲಿ ಓಡಿದ 11.01. ದಾಖಲೆ 10.8ರಿಂದ 11.01ಕ್ಕೆ ‘ಹಿಂದೆ’ ಸರಿಯಿತು. ಯಾರೂ ನಿಧಾನವಾಗಿರಲಿಲ್ಲ, ಬದಲಾದದ್ದು ಕಣ್ಣು.

ಆ ಹೊಸ ಕಣ್ಣಿನ ಹರಿತ ಎಷ್ಟೆಂದು ನಮಗೆ ಹೇಳಿಕೊಡಬೇಕಿಲ್ಲ. 1984ರ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42, ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41. ಕಂಚು ತಪ್ಪಿದ್ದು ನೂರರಲ್ಲೊಂದು ಸೆಕೆಂಡಿಗೆ. ಹಳೆಯ ಸ್ಟಾಪ್‌ವಾಚಿನಲ್ಲಿ ಅವರಿಬ್ಬರ ಸಮಯವೂ ಒಂದೇ ಆಗಿರುತ್ತಿತ್ತು.

ಹೊಸ ಗಡಿಯಾರದಲ್ಲಿ 11 ಸೆಕೆಂಡಿನ ಕೆಳಗೆ ಮೊದಲು ಇಳಿದವರು ಪೂರ್ವ ಜರ್ಮನಿಯ ಮಾರ್ಲೀಸ್ ಗೋರ್. 1977, ಡ್ರೆಸ್ಡೆನ್, 10.88. ಅವರಿಗೆ ಎದುರಾಳಿಯಾಗಿ ಬಂದವರು ಅಮೆರಿಕದ ಎವ್ಲಿನ್ ಆ್ಯಶ್‌ಫೋರ್ಡ್. ಶೀತಲ ಸಮರ ಇವರಿಬ್ಬರನ್ನು ಎರಡು ಒಲಿಂಪಿಕ್ಸ್‌ಗಳಲ್ಲಿ ಮುಖಾಮುಖಿ ಆಗಲು ಬಿಡಲಿಲ್ಲ. 1980ರ ಮಾಸ್ಕೊಗೆ ಅಮೆರಿಕ ಹೋಗಲಿಲ್ಲ, 1984ರ ಲಾಸ್ ಏಂಜಲೀಸ್‌ಗೆ ಪೂರ್ವ ಜರ್ಮನಿ ಬರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ಎವ್ಲಿನ್‌ಗೆ ‘ಗೋರ್ ಇದ್ದಿದ್ದರೆ?’ ಎಂಬ ಮಾತು ತಪ್ಪಲಿಲ್ಲ. ಕೆಲವೇ ದಿನಗಳಲ್ಲಿ, ಆಗಸ್ಟ್ 22ರಂದು, ಜೂರಿಕ್‌ನಲ್ಲಿ ಇಬ್ಬರೂ ಪಕ್ಕಪಕ್ಕ ನಿಂತರು. ಎವ್ಲಿನ್ 10.76, ಗೋರ್ 10.84. ಚಿನ್ನಕ್ಕಿಂತ ದೊಡ್ಡ ಉತ್ತರ ಅದು.

ನೀಲಿ ಮಾತ್ರೆ

1990ರ ನಂತರ ಪೂರ್ವ ಜರ್ಮನಿಯ ಕಡತಗಳು ಬಯಲಿಗೆ ಬಂದವು. ಸರ್ಕಾರವೇ ಯೋಜನೆ ಹಾಕಿ, ಲೆಕ್ಕ ಬರೆದು, ಕ್ರೀಡಾಪಟುಗಳಿಗೆ ಪುರುಷ ಹಾರ್ಮೋನಿನ ಮಾತ್ರೆ ಕೊಟ್ಟಿತ್ತು. ಅವುಗಳ ಬಣ್ಣ ನೀಲಿ, ಹೆಸರು ಓರಲ್ ಟ್ಯುರಿನಾಬೋಲ್. ಎಷ್ಟೋ ಹುಡುಗಿಯರಿಗೆ ಅದನ್ನು ವಿಟಮಿನ್ ಎಂದು ಹೇಳಿದ್ದರು. ದನಿ ಒಡೆಯಿತು, ಯಕೃತ್ತು ಕೆಟ್ಟಿತು, ಗರ್ಭಕೋಶಕ್ಕೆ ಪೆಟ್ಟಾಯಿತು. ಈ ಸತ್ಯವನ್ನು ಹೊರಗೆಳೆಯುವಲ್ಲಿ ಮಾಜಿ ಡಿಸ್ಕಸ್ ಎಸೆತಗಾರ್ತಿ ಬ್ರಿಗಿಟೆ ಬೆರೆನ್‌ಡಾಂಕ್ ಮತ್ತು ಅವರ ಪತಿ, ವಿಜ್ಞಾನಿ ವೆರ್ನರ್ ಫ್ರಾಂಕೆ ಪಟ್ಟ ಶ್ರಮ ದೊಡ್ಡದು.

ಪೂರ್ವ ಜರ್ಮನಿಯ ಮರಿಟಾ ಕಾಖ್ 1985ರಲ್ಲಿ ಕ್ಯಾನ್‌ಬೆರಾದಲ್ಲಿ ಓಡಿದ 400 ಮೀಟರಿನ 47.60 ಇನ್ನೂ ವಿಶ್ವದಾಖಲೆ. ಅವರು ಪರೀಕ್ಷೆಯಲ್ಲಿ ಎಂದೂ ಸಿಕ್ಕಿಬಿದ್ದಿಲ್ಲ. ಅಳಿಸಲು ಪುರಾವೆ ಬೇಕು, ನಂಬಲು ಮನಸ್ಸು ಬೇಕು. ಎರಡೂ ಇಲ್ಲದ ಸ್ಥಿತಿಯಲ್ಲಿ ಆ ಸಂಖ್ಯೆ ಕೂತಿದೆ. 2005ಕ್ಕಿಂತ ಹಿಂದಿನ ದಾಖಲೆಗಳನ್ನೆಲ್ಲ ಕೆಳಗಿಳಿಸಿ ಹೊಸದಾಗಿ ಶುರು ಮಾಡೋಣವೆಂದು 2017ರಲ್ಲಿ ಯುರೋಪಿನ ಒಕ್ಕೂಟ ಸೂಚಿಸಿತು. ಪ್ರಾಮಾಣಿಕವಾಗಿ ಓಡಿದವರನ್ನೂ ಕಳ್ಳರ ಸಾಲಿಗೆ ಸೇರಿಸುತ್ತೀರಾ ಎಂಬ ಆಕ್ಷೇಪ ಎದ್ದು ಸಲಹೆ ಅಲ್ಲಿಗೇ ನಿಂತಿತು.

ಆ ವ್ಯವಸ್ಥೆಯೊಳಗಿಂದಲೇ ಬಂದ ಒಬ್ಬರು ಬೇರೆ ದಾರಿ ಹಿಡಿದರು. ಮುಂದೆ ಲೇಖಕಿಯಾದ ಇನೆಸ್ ಗೈಪಲ್ 1984ರಲ್ಲಿ 4x100 ರಿಲೇಯ ಕ್ಲಬ್ ದಾಖಲೆ ಬರೆದ ಯೇನಾ ತಂಡದಲ್ಲಿದ್ದರು. ಆ ದಾಖಲೆ ನನ್ನ ಇಚ್ಛೆಗೆ ವಿರುದ್ಧವಾಗಿ ಕೊಟ್ಟ ಮದ್ದಿನದು, ನನ್ನ ಹೆಸರು ತೆಗೆಯಿರಿ ಎಂದು ಜರ್ಮನ್ ಸಂಸ್ಥೆಯನ್ನು ಕೇಳಿದರು. 2006ರಲ್ಲಿ ಸಂಸ್ಥೆ ಒಪ್ಪಿತು. ಈಗ ಆ ಸಾಲಿನಲ್ಲಿ ಮೂರು ಹೆಸರು, ಒಂದು ನಕ್ಷತ್ರ ಚಿಹ್ನೆ. ಇಡೀ ದಾಖಲೆ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಮಾತಾಡುವ ಗುರುತು ನನಗೆ ಕಂಡಿಲ್ಲ.

ಮತ್ತೆ ಆ ಸೊನ್ನೆಗೆ

ಫ್ಲೋರೆನ್ಸ್ ಗ್ರಿಫಿತ್ ಜಾಯ್ನರ್ ಎಂದರೆ ಉದ್ದನೆಯ ಬಣ್ಣದ ಉಗುರು, ಹಾರುವ ಕೂದಲು, ಒಂದೇ ಕಾಲು ಮುಚ್ಚುವ ಉಡುಪು. ಆ ಮೋಡಿ ನಮ್ಮಲ್ಲಿಗೂ ಬಂತು. ಕೊಡಗಿನ ಅಶ್ವಿನಿ ನಾಚಪ್ಪ ಅವರನ್ನು ‘ಭಾರತದ ಫ್ಲೋ ಜೋ’ ಎಂದು ಕರೆದರು. 1984ರಲ್ಲಿ 200 ಮೀಟರಿನ ಬೆಳ್ಳಿ ಗೆದ್ದಿದ್ದ ಫ್ಲೋರೆನ್ಸ್ ಅವರ ನೂರು ಮೀಟರಿನ ಅತ್ಯುತ್ತಮ ಸಮಯ 1988ಕ್ಕೆ ಮೊದಲು 10.96.

ಇಂಡಿಯಾನಾಪೊಲಿಸ್‌ನಲ್ಲಿ ಅವರ ಓಟಗಳನ್ನು ಸಾಲಾಗಿ ಇಟ್ಟು ನೋಡಿ. ಮೊದಲ ಸುತ್ತಿನಲ್ಲಿ 3.2 ಮೀಟರ್ ಗಾಳಿ ಬೆನ್ನಿಗಿದ್ದಾಗ 10.60. ಕ್ವಾರ್ಟರ್‌ಫೈನಲ್‌ನಲ್ಲಿ ‘ಗಾಳಿಯೇ ಇಲ್ಲದಾಗ’ 10.49. ಮರುದಿನದ ಫೈನಲ್‌ನಲ್ಲಿ 1.2 ಮೀಟರ್ ಗಾಳಿಗೆ 10.61. ಬೆನ್ನು ತಳ್ಳುವವರು ಇದ್ದಾಗ ನಿಧಾನ, ಇಲ್ಲದಾಗ ವೇಗ. ಭೌತವಿಜ್ಞಾನಿ ನಿಕ್ ಲಿಂಥಾರ್ನ್ ಆ ಕೂಟದ ಗಾಳಿಯ ಅಂಕಿಗಳನ್ನೆಲ್ಲ ಜೋಡಿಸಿ 1995ರಲ್ಲಿ ಅಧ್ಯಯನ ಮಾಡಿದರು. ಆ ಓಟದಲ್ಲಿ ಗಾಳಿ 5ರಿಂದ 7 ಮೀಟರ್ ವೇಗದಲ್ಲಿತ್ತು ಎಂಬುದು ಅವರ ತೀರ್ಮಾನ. ಅಥ್ಲೆಟಿಕ್ಸ್ ಅಂಕಿಅಂಶಕಾರರ ವಾರ್ಷಿಕ ಪುಸ್ತಕ ಆ ಸಮಯದ ಪಕ್ಕ, ಬಹುಶಃ ಗಾಳಿಯ ಬಲವಾದ ನೆರವಿತ್ತು, ಆದರೂ ಮಾನ್ಯವಾದ ವಿಶ್ವದಾಖಲೆ ಎಂಬ ಟಿಪ್ಪಣಿ ಹಾಕಿತು. ದಾಖಲೆಯನ್ನು ಮಾತ್ರ ಯಾರೂ ಅಲುಗಿಸಲಿಲ್ಲ.

ಮದ್ದಿನ ಅನುಮಾನವೂ ಅವರ ಬೆನ್ನು ಬಿಡಲಿಲ್ಲ. ಸೋಲ್‌ನಲ್ಲಿ ನೂರು ಮೀಟರಿನ ಚಿನ್ನ, 200 ಮೀಟರಿನಲ್ಲಿ 21.34ರ ವಿಶ್ವದಾಖಲೆ, ರಿಲೇಯಲ್ಲಿ ಇನ್ನೊಂದು ಚಿನ್ನ. ಕೆಲವೇ ತಿಂಗಳಲ್ಲಿ ನಿವೃತ್ತಿ. 1998ರಲ್ಲಿ, 38ನೆಯ ವಯಸ್ಸಿಗೆ, ನಿದ್ದೆಯಲ್ಲಿ ಅಪಸ್ಮಾರ ಬಂದು ತೀರಿಕೊಂಡರು. ನಡೆದ ಯಾವ ಪರೀಕ್ಷೆಯಲ್ಲೂ ಅವರು ತಪ್ಪಿತಸ್ಥರಾಗಲಿಲ್ಲ ಎಂಬುದನ್ನು ಅನುಮಾನದಷ್ಟೇ ಗಟ್ಟಿಯಾಗಿ ಹೇಳಬೇಕು. 10.49ರ ವಿಚಾರದಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದ್ದು ಓಟಗಾರ್ತಿಗಿಂತ ಮೊದಲು ಆ ಮಾಪಕ. ಮಾಪಕ ಸರಿಯಿದ್ದಿದ್ದರೂ ಅವರ ಹೆಸರಿಗೆ 10.61 ಉಳಿಯುತ್ತಿತ್ತು, ಅದು ಸಹ ಹಳೆಯ ದಾಖಲೆಯನ್ನು ಚಿಂದಿ ಮಾಡಿದ ಓಟವೇ.

ಆ ಸುಳ್ಳು ಸೊನ್ನೆಯ ಬೆಲೆ ತೆತ್ತವರು ನಂತರದ ಪೀಳಿಗೆ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೂರು ಮೀಟರಿನ ಮೂರೂ ಪದಕ ಜಮೈಕಾದ ಪಾಲಾದವು. ಇಲೇನ್ ಥಾಂಪ್ಸನ್ ಹೆರಾ 10.61ರಲ್ಲಿ ಗೆದ್ದು ಫ್ಲೋರೆನ್ಸ್ ಅವರ 33 ವರ್ಷ ಹಳೆಯ ಒಲಿಂಪಿಕ್ ದಾಖಲೆ ಮುರಿದರು. ಮೂರು ವಾರ ಕಳೆದು ಅಮೆರಿಕದ ಯುಜೀನ್‌ನಲ್ಲಿ 10.54. ಇಂಡಿಯಾನಾಪೊಲಿಸ್‌ನ ಸೊನ್ನೆ ಪುಸ್ತಕದಲ್ಲಿ ಇಲ್ಲದಿದ್ದರೆ ಅಂದು ರಾತ್ರಿ ಜಗತ್ತು ಹೊಸ ವಿಶ್ವದಾಖಲೆಯ ಸಂಭ್ರಮದಲ್ಲಿರುತ್ತಿತ್ತು. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಶೆರಿಕಾ ಜಾಕ್ಸನ್ 200 ಮೀಟರನ್ನು 21.41ರಲ್ಲಿ ಮುಗಿಸಿದರು, ದಾಖಲೆಗೆ 0.07 ಬಾಕಿ. 2025ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ಸಿಡ್ನಿ ಮೆಕ್ಲಾಫ್ಲಿನ್ ಲೆವ್ರೋನ್ 400 ಮೀಟರನ್ನು 47.78ರಲ್ಲಿ ಓಡಿದರು, ಕಾಖ್ ಅವರ ಸಂಖ್ಯೆಗೆ 0.18 ಬಾಕಿ. ಮೂರೂ ಹಳೆಯ ಗೋಡೆಗಳಿಗೆ ಈಗ ಕೈ ತಾಗುವಷ್ಟು ಹತ್ತಿರ ಬಂದಾಗಿದೆ.

ದಾಖಲೆ ಪಟ್ಟಿ ಕೈಗೆ ಸಿಕ್ಕಾಗ ನಾವು ಸಮಯವನ್ನೂ ಹೆಸರನ್ನೂ ಓದಿ ಪುಟ ತಿರುಗಿಸುತ್ತೇವೆ. ನಡುವೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ: ಗಾಳಿ. ಅದನ್ನೂ ಓದಬೇಕು. ಯುಜೀನ್‌ನ 10.54ರ ಪಕ್ಕ +0.9 ಎಂದಿದೆ, ನಿಯಮದೊಳಗಿನ ಸಣ್ಣ ತಳ್ಳು. ಟೋಕಿಯೊದ 10.61ರ ಪಕ್ಕ −0.6, ಎದೆಗೆ ಎದುರಾದ ಗಾಳಿಯನ್ನು ಸೀಳಿ ಓಡಿದ್ದು. 10.49ರ ಪಕ್ಕ 0.0.